ಮುಚ್ಚಳ ತೆರೆಯದ ಕಂಪ್ಯೂಟರ್

ಲಗ್ನಪತ್ರಿಕೆ ವಿನ್ಯಾಸ ಮಾಡುವುದು ನನ್ನ ಕಸುಬು. ಗಣಪತಿಗೆ ಕೈಮುಗಿಯದೆ ನಾನು ಕಂಪ್ಯೂಟರ್ ಚಾಲೂ ಮಾಡಿದವನೇ ಅಲ್ಲ. ಎರಡು ಸಲ ರ‍್ಯಾಮ್ ಹೆಚ್ಚಿಸಿಕೊಂಡು ಇಷ್ಟು ವರ್ಷ ದುಡಿಸಿದ್ದ ಹಳೆಯದು ಕೊನೆಗೂ ಕೈಕೊಟ್ಟಿತು. ಹೊಸದಕ್ಕಾಗಿ, ನಾನಿರುವ ಪುಣೆಯ ಬಿಬವೇವಾಡಿಯಲ್ಲೇ ಇದ್ದ ನಮ್ಮ ವಿಜಯಪುರದ ಕಡೆಯವರೊಬ್ಬರ ಅಂಗಡಿಗೆ ಹೋದೆ. ಅವರು ಪೇಡೆ ಡಬ್ಬಿಯಷ್ಟೇ ದೊಡ್ಡದಾದ ಒಂದು ಕಂಪ್ಯೂಟರ್ ಮುಂದಿಟ್ಟರು.

"ಭಾಳ ಛಂದ ಅದ. ಮುಂದ ರ‍್ಯಾಮ್ ಸಾಲದಿದ್ರ ಎಲ್ಲಿ ಬಿಚ್ಚಬೇಕ್ರೀ?"

"ಬಿಚ್ಚಾಕ ಬರಂಗಿಲ್ರೀ ಕಾಕಾ, ಒಳಗ ಬೆಸಿಗಿ ಹಾಕ್ಯಾರ. ಎಷ್ಟು ಬೇಕಂತ ಇವತ್ತ ಹೇಳಿಬಿಡ್ರಿ."

"ನಾಲ್ಕು ವರ್ಷದ ಮ್ಯಾಲಿನ ಕೆಲಸ ನನಗ ಇವತ್ತ ಹೆಂಗ ಗೊತ್ತಾಗಬೇಕು?"

"ಸಾಲದಿದ್ರ ಆವಾಗ ಹೊಸಾದು ತಗೊಳ್ರಿ!"

ನನಗೆ ಸಿಟ್ಟು ಬರುವುದು ಅಪರೂಪ. ಅಂದು ಮಾತ್ರ ಮೈ ಉರಿಯಿತು. ಕೊಳ್ಳುವವನು ನಾನು, ಆದರೆ ಮುಚ್ಚಳ ತೆಗೆಯುವ ಹಕ್ಕು ನನಗಿಲ್ಲ! ಒಂದು ರ‍್ಯಾಮ್ ಪಟ್ಟಿ ಸಾಲಲಿಲ್ಲವೆಂದು, ಕೆಡದೇ ಇರುವ ಇಡೀ ಯಂತ್ರವನ್ನು ಎಸೆಯಬೇಕಂತೆ. ದುಡಿದು ಅನ್ನ ಹಾಕುವ ವಸ್ತುವಿಗೆ ಇದೆಂಥ ಮರ್ಯಾದೆ?

"ದಸರಾದ ಖಂಡೇ ಪೂಜಿಗೆ ಒಳಗಿನ ಧೂಳು ತಗದು ಕುಂಕುಮ ಹಚ್ಚತೀವ್ರಿ ನಾವು" ಎಂದೆ.

"ಹೊರಗ ಹಚ್ರಿ ಕಾಕಾ, ದೇವರೇನೂ ಅನ್ನಂಗಿಲ್ಲ" ಎಂದು ಅವರು ನಕ್ಕರು.

"ದೇವರು ಅನ್ನಂಗಿಲ್ರೀ. ನಾ ಅಂತೀನಿ."

ಮೂಲೆಯಲ್ಲಿದ್ದ, ಮುಚ್ಚಳ ಬಿಚ್ಚಲು ಬರುವ ದೊಡ್ಡ ಕಪ್ಪು ಡಬ್ಬದ ಕಂಪ್ಯೂಟರನ್ನೇ ಆಟೋದಲ್ಲಿ ಹೇರಿಕೊಂಡು ಬಂದೆ. ಅದು ಅರ್ಧ ಮೇಜು ನುಂಗಿತು, ನುಂಗಲಿ. ಮೊದಲ ಕುಂಕುಮವನ್ನು ಅದರ ಮುಚ್ಚಳದ ಸ್ಕ್ರೂಗೇ ಇಟ್ಟೆ. ಗಣಪತಿಯ ಸರದಿ ಅಂದು ಎರಡನೆಯದಾಯಿತು. ಅವನು ವಿಘ್ನೇಶ್ವರ; ತೆರೆಯದ ಮುಚ್ಚಳವೂ ವಿಘ್ನವೇ ಎಂದು ಅವನಿಗೆ ಗೊತ್ತೇ ಇತ್ತು.