ಇಟಲಿಯ ಇಪ್ಪತ್ತೊಂದು ಅಕ್ಷರ

ಫೋನಿನಲ್ಲಿ ಅಕ್ಷರಗಳ ಕೆಳಗೆ ಭೂಗೋಳದಂಥ ಒಂದು ಗುಂಡು ಚಿತ್ರ ಉಂಟಲ್ಲ, ನೋಡಿದ್ದೀರಾ? ಅದಕ್ಕೆ ಬೆರಳು ತಾಗಿದರೆ ನನ್ನ ಫೋನಿನಲ್ಲಿ ಕನ್ನಡ ಹೋಗಿ ಇಟಲಿ ಬರುತ್ತದೆ. ಇವತ್ತೂ ಹಾಗೇ ಆಯಿತು. ಮೀನಿನವಳಿಗೆ ಬಂಗುಡೆ ಬೇಕೆಂದು ಬರೆಯಲು ಹೊರಟವಳು ರೋಮಿಗೆ ಹೋಗಿ ಕೂತೆ. ಟೈಪ್ ಮಾಡಲು ಕಲಿತದ್ದೇ ಮೊನ್ನೆ ಮೊನ್ನೆ. ಹೆಬ್ಬೆರಳು ದಪ್ಪ, ಅಕ್ಷರ ಸಣ್ಣ, ಕಣ್ಣಿಗೆ ಪೊರೆ. ಈ ಪ್ರಾಯದಲ್ಲಿ ಇಟಲಿ ಬೇರೆ ಯಾಕೆ ಎಂದು ನೀವು ಕೇಳಿದರೆ ತಪ್ಪಿಲ್ಲ. ಎಷ್ಟೋ ಸಲ ನಾನೇ ಕೇಳಿಕೊಂಡಿದ್ದೇನೆ.

ನನ್ನ ಅಕ್ಕ ಸಿಸ್ಟರ್ ಆಗಿ ಇಟಲಿಯ ಕಾನ್ವೆಂಟಿಗೆ ಹೋದವಳು. ಮೊದಲ ಸಲ ರಜೆಗೆ ಬಂದಾಗ ಕುದ್ರೋಳಿಯ ಮನೆಯ ಹಿಂದಿನ ಮೆಟ್ಟಿಲಲ್ಲಿ ಕೂತು, ಬಿಳಿ ತೋಳು ಮಡಚಿ, ಬಂಗುಡೆ ಶುಚಿ ಮಾಡುತ್ತಾ ನನಗೆ ಅಲ್ಲಿಯ ಅಕ್ಷರ ಕಲಿಸಿದಳು.

"ಒಟ್ಟು ಇಪ್ಪತ್ತೊಂದೇ," ಎಂದಳು.

ಅಮ್ಮನಿಗೆ ಪಾಪ ಅನ್ನಿಸಿತು. "ಅಷ್ಟರಲ್ಲಿ ಜಗಳ ಮಾಡುವುದು ಹೇಗೆ ಮಾರಾಯ್ತಿ?"

"ಸಿ ಆದ ಮೇಲೆ ಐ ಬಂದ್ರೆ ಚಿ. ನಡುವೆ ಎಚ್ ಕೂತ್ರೆ ಕಿ," ಎಂದಳು ಅಕ್ಕ.

"ಎಚ್ ಎಂತ ಹೇಳ್ತದೆ?" ಎಂದು ನಾನು ಕೇಳಿದೆ.

"ಎಂತದೂ ಹೇಳುವುದಿಲ್ಲ."

"ಹಾಗಾದ್ರೆ ದೊಡ್ಡಕ್ಕನ ಗಂಡ, ನಮ್ಮ ದೊಡ್ಡ ಭಾವನೇ ಅದು. ಬಾಯಿ ತೆರೆಯುವುದಿಲ್ಲ, ನಡುವೆ ಬಂದು ಕೂತ್ರೆ ಎಲ್ಲರ ಸ್ವರ ಬದಲಾಗ್ತದೆ," ಎಂದೆ. ಅಕ್ಕ ಮೀನಿನ ಕೈಯಲ್ಲೇ ಚಿವುಟಿದಳು. ಆ ವಾಸನೆ ನೆನಪಿದೆ, ಪಾಠ ನೆನಪಿಲ್ಲ. ನನ್ನ ಗಮನವೆಲ್ಲ ಕಾವಲಿಯ ಮೇಲಿತ್ತು.

ನಮ್ಮ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಮಾಲೆ, ಮುಗಿದ ಮೇಲೆ ಸಣ್ಣವರು ದೊಡ್ಡವರ ಮುಂದೆ ಕೈಮುಗಿದು "ಬೆಸಾಂವ್" ಎಂದು ಆಶೀರ್ವಾದ ಕೇಳಬೇಕು. ಎರಡೇ ವರ್ಷ ದೊಡ್ಡವಳಾದ ಈ ಅಕ್ಕನಿಗೆ ಕೈಮುಗಿಯುವುದೆಂದರೆ ನನಗೆ ಸಂಕಟ. ಒಂದೇ ಕೈ ಎತ್ತಿ, ಸಲಾಮು ಹೊಡೆದ ಹಾಗೆ ಕೇಳುತ್ತಿದ್ದೆ. ಅವಳು ಬಿಟ್ಟರೆ ತಾನೆ? ಎರಡು ಬೆರಳು ತೋರಿಸಿ ಕಾಯುತ್ತಿದ್ದಳು. ಎರಡೂ ಕೈ ಸೇರದೆ ಆಶೀರ್ವಾದ ಇಲ್ಲ.

ಈಗ ಅಪ್ಪ ಅಮ್ಮ, ಅಣ್ಣಂದಿರು, ದೊಡ್ಡಕ್ಕ, ಆ ಮೌನಿ ಭಾವ ಎಲ್ಲರೂ ಹೋಗಿಯಾಯಿತು. ತೇರ್ಸ್ ಮುಗಿದರೆ ಎಲ್ಲರೂ ನನ್ನ ಮುಂದೆ ಬಂದು ನಿಲ್ಲುತ್ತಾರೆ. ಕೊಟ್ಟೂ ಕೊಟ್ಟೂ ಸುಸ್ತು. ಕೇಳುವುದಕ್ಕೆ ನನಗೆ ಯಾರೂ ಇಲ್ಲ.

ಸಿಸ್ಟರ್ ಅಕ್ಕ ಇದ್ದಾಳೆ, ಆದರೆ ಕಳೆದ ಮಳೆಗಾಲದಲ್ಲಿ ಅವಳಿಗೆ ಸ್ಟ್ರೋಕ್ ಆಯಿತು. ಕೊಂಕಣಿ, ತುಳು, ಕನ್ನಡ ಎಲ್ಲ ಅಳಿಸಿಹೋಗಿ ಇಟಲಿಯ ಮಾತು ಮಾತ್ರ ಉಳಿಯಿತು. ವಿಡಿಯೋದಲ್ಲಿ ನನ್ನನ್ನು ಕಂಡರೆ, ಹೊಸ ನರ್ಸನ್ನು ಕಂಡ ಹಾಗೆ ಮರ್ಯಾದೆಗೆ ನಗುತ್ತಾಳೆ. ಆ ನಗು ನೋಡಲಾಗದೆ ನಾನು ಅಕ್ಷರ ಕಲಿಯಲು ಕೂತೆ.

"ಮಾಂಯ್, ಇಷ್ಟು ಕಷ್ಟ ಯಾಕೆ? ನೀವು ಹೇಳಿದ್ದನ್ನು ಫೋನೇ ಇಟಲಿಯಲ್ಲಿ ಹೇಳ್ತದೆ," ಎಂದಳು ಸೊಸೆ ಪ್ರೆಸಿಲ್ಲಾ.

"ಫೋನು ಅವಳ ತಂಗಿಯಾ?" ಎಂದೆ.

ಹೋದ ಭಾನುವಾರ, ಬಾಯಿ ನೋಯುವಷ್ಟು ಕಲಿತದ್ದನ್ನು ಒಪ್ಪಿಸಿದೆ. "ಸೋನೊ ತುವಾ ಸೊರೆಲ್ಲಾ." ನಾನು ನಿನ್ನ ತಂಗಿ. ಅಕ್ಕ "ಬ್ರಾವಾ" ಎಂದಳು, ಮದ್ದು ಕುಡಿದ ಮಗುವಿಗೆ ಶಾಭಾಸ್ ಹೇಳಿದ ಹಾಗೆ. ಅಷ್ಟೇ. ಅದೇ ಮರ್ಯಾದೆಯ ನಗು. ಎಲ್ಲ ಬಿಟ್ಟು ಮಲಗಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ತೇರ್ಸಿನ ಹೊತ್ತಾಯಿತು. ಕಾಲ್ ಕಟ್ ಮಾಡಲೂ ಉತ್ಸಾಹವಿಲ್ಲದೆ ಫೋನ್ ಹಿಡಿದುಕೊಂಡೇ ಕೂತೆ. ಪ್ರಾರ್ಥನೆ ಮುಗಿಯಿತು. ಆಯಾಸದಲ್ಲಿ, ಯಾವ ಕಾಲದ ಅಭ್ಯಾಸವೋ, ಒಂದು ಕೈಯಲ್ಲಿ ಫೋನ್ ಇದ್ದ ಹಾಗೆಯೇ ಇನ್ನೊಂದು ಕೈ ಎತ್ತಿ ಅವಳಿಗೆ "ಬೆಸಾಂವ್" ಎಂದೆ.

ಅಕ್ಕನ ನಗು ನಿಂತಿತು. ಹುಬ್ಬು ಗಂಟಾಯಿತು. ಎರಡು ಬೆರಳು ಮೇಲೆದ್ದವು.

"ದುಯೆ," ಎಂದಳು. ಎರಡು.

ಫೋನನ್ನು ದೇವರ ಅಲ್ತಾರಿನ ದೀಪಕ್ಕೆ ಒರಗಿಸಿ, ಎರಡೂ ಕೈ ಸೇರಿಸಿದೆ. ಆಮೇಲಷ್ಟೇ ಅವಳು ಹೆಬ್ಬೆರಳಿನಿಂದ ಗಾಳಿಯಲ್ಲಿ ಶಿಲುಬೆ ಬರೆದಳು.

ಬಂಗುಡೆ ಇನ್ನೂ ಹೇಳಿಯಾಗಿಲ್ಲ. ನನ್ನ ಪರದಾಟ ನೋಡಿ ಪ್ರೆಸಿಲ್ಲಾ ಈಗಷ್ಟೇ ಕೇಳಿದಳು, "ಮಾಂಯ್, ಫೋನಿನಿಂದ ಆ ಇಟಲಿ ತೆಗೆದುಬಿಡ್ಲಾ?"

ಬೇಡ ಎಂದೆ. ಇರಲಿ, ಮನೆಯಲ್ಲಿ ನನಗಿಂತ ದೊಡ್ಡವರು ಒಬ್ಬರು.