ಎಳ್ಳ ಅಮಾವಾಸ್ಯೆಯ ದಿನ ಗೇಟು ಮುಚ್ಚಿಸಿದವರು

ಕೊರೋನಾ ಕಳೆದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ಮರುವರ್ಷದ ಮಾತು. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿದ್ದ ಒಂದು ಖಾಸಗಿ ವಸತಿ ಶಾಲೆಯಲ್ಲಿ ನಾನು ಹುಡುಗಿಯರ ಹಾಸ್ಟೆಲಿನ ಮೇಟ್ರನ್ ಆಗಿದ್ದೆ. ಮೇಟ್ರನ್ ಎಂದರೆ ದೊಡ್ಡ ಹುದ್ದೆಯಲ್ಲ. ಹುಡುಗಿಯರನ್ನು ಎಬ್ಬಿಸುವುದು, ಉಣ್ಣಿಸುವುದು, ಜ್ವರ ಬಂದವರ ಹತ್ತಿರ ಕೂರುವುದು, ಅಳುವವರನ್ನು ಸುಮ್ಮನಿರಿಸುವುದು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಊರ ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆ ಕಲಿತವಳಿಗೆ ಸಿಕ್ಕ ಕೆಲಸ ಅದು. ಅದನ್ನು ನಾನು ಪ್ರೀತಿಯಿಂದಲೇ ಮಾಡಿದೆ. ಆ ಶಾಲೆಯ ಹಳದಿ ಬಸ್ಸು ನಮ್ಮ ಓಣಿಗೆ ಬಂದರೆ ಅಜ್ಜಿ ಯಾಕೆ ಒಳಗೆ ಹೋಗುತ್ತಾಳೆ ಎಂದು ನೀವು ಕೇಳುತ್ತೀರಿ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗದ ಮಾತು. ಬರೆದು ಇಡುತ್ತೇನೆ, ಓದಿಕೊಳ್ಳಿ.

ಆ ಹಾಸ್ಟೆಲಿನಲ್ಲಿ ಬಹಳ ವರ್ಷಗಳಿಂದ ಒಂದು ರೂಢಿ ಇತ್ತು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆಯ ಒಕ್ಕಲು ಮನೆಗಳವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಬೆಳೆಗೆ ಎಡೆ ಕೊಟ್ಟು ಅಲ್ಲಿಯೇ ಕೂಡಿ ಉಣ್ಣುತ್ತಾರೆ. ಹಾಸ್ಟೆಲಿನ ಮಕ್ಕಳಿಗೆ ಅದು ತಪ್ಪುತ್ತದೆ. ಅದಕ್ಕೆ ಪಾಲಕರು ಚರಗ ಮುಗಿಸಿ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಹೋಳಿಗೆ, ಕಡಬು. ಮಕ್ಕಳು ಬೇವಿನ ಗಿಡಗಳ ಕೆಳಗೆ ಸಾಲಾಗಿ ಕೂತು, ಯಾವ ಬುತ್ತಿ ಯಾರದು ಎಂದು ನೋಡದೆ ಹಂಚಿಕೊಂಡು ಉಣ್ಣುತ್ತಿದ್ದರು. ವರ್ಷದಲ್ಲಿ ಅವರು ಹೊಟ್ಟೆ ತುಂಬ ನಗುತ್ತಿದ್ದ ದಿನ ಅದೊಂದೇ.

ಆ ವರ್ಷ ಹೊಸ ಹೆಡ್‌ಮಾಸ್ತರರು ಬಂದಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶ ಏರಿಸುತ್ತೇನೆಂದು ಮಾತು ಕೊಟ್ಟು ಬಂದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಹೊರಗಿನ ಊಟದಿಂದ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ತೊಂದರೆ, ಆದ್ದರಿಂದ ಈ ಸಲ ಬುತ್ತಿ ಬಂದ್ ಎಂದರು. ನಮ್ಮ ಅಡುಗೆ ಮನೆಯ ಸಾರಿನಲ್ಲಿ ಹುಳ ತೇಲಿದಾಗ ಈ ಮನುಷ್ಯನಿಗೆ ಯಾರ ಹೊಟ್ಟೆಯ ಚಿಂತೆಯೂ ಬಂದಿರಲಿಲ್ಲ. ಪಾಲಕರಿಗೆ ಸುದ್ದಿ ಮುಟ್ಟಿಸಬೇಕೆಂಬುದೂ ತಲೆಗೆ ಹೊಳೆಯಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಗೇಟಿಗೆ ಬೀಗ ಹಾಕಿಸಿ, ಕೀಲಿಯನ್ನು ವಾಚಮನ್ ಯಲ್ಲಪ್ಪನ ಕೈಯಿಂದ ತೆಗೆದುಕೊಂಡು ತಮ್ಮ ಕಿಸೆಯಲ್ಲಿ ಇಟ್ಟುಕೊಂಡರು.

ಮಧ್ಯಾಹ್ನ ಬಸ್ಸು, ಟೆಂಪೋ ಹಿಡಿದು ಪಾಲಕರು ಬಂದರು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತರು. ಎಲ್ಲರಿಗೂ ಮುಂದೆ ಇದ್ದವಳು ಸಂಗೊಳ್ಳಿ ಕಡೆಯ ನೀಲವ್ವ. ಅವಳ ಮಗಳು ಭಾರತಿ ಹತ್ತನೆಯ ತರಗತಿ.

“ಏನೋ ಯಲ್ಲಪ್ಪಣ್ಣ, ಹ್ವಾದ ವರ್ಸ ನನ್ನ ಕಡಬ ತಿಂದು ಮೀಸಿ ಒರಸ್ಕೊಂಡಿ. ಈ ವರ್ಸ ನನ್ನ ಕಡಬಿಗೆ ಇಸಾ ಬಂತನು?” ಎಂದಳು ನೀಲವ್ವ.

“ನಂದೇನೈತಿ ಯವ್ವಾ. ಕೀಲಿ ಸಾಹೇಬ್ರ ಕಿಸೆದಾಗ ಐತಿ.”

“ಹಂಗಾರ ಸಾಹೇಬ್ರನ್ನ ಕರಿ. ಅವರಿಗೂ ಒಂದ ಕಡಬ ಕೊಡತೇನಿ, ಬಾಯಿ ಸಿಹಿ ಆಗಲಿ.”

ಹೊರಗಿನವರು ನಕ್ಕರು. ಒಳಗೆ ಮಕ್ಕಳಿಗೂ ನಗು. ಆಗಿನ್ನೂ ಅದು ಹಬ್ಬವೇ ಆಗಿತ್ತು. ಭಾರತಿ ಅವ್ವನನ್ನು ನೋಡಿದವಳೇ ಹಿಂದೆ ತಿರುಗಿ, “ಏ ಶಬಾನಾ, ಅವ್ವ ಬಂದಾಳ, ಬಾರಲೇ,” ಎಂದು ಕೈ ಮಾಡಿ ಕರೆದಳು. ಶಬಾನಾ ಸವದತ್ತಿಯ ಟೆಂಪೋ ಚಾಲಕ ದಸ್ತಗೀರನ ಮಗಳು, ಭಾರತಿಯ ಮಗ್ಗುಲಿನ ಹಾಸಿಗೆಯವಳು. ಪ್ರತಿ ವರ್ಷ ನೀಲವ್ವ ಅವಳಿಗೆಂದು ಬೇರೆ ಗಂಟು ಕಟ್ಟಿ ತರುತ್ತಿದ್ದಳು. ಶಬಾನಾ ಓಡಿ ಬಂದು ಗೇಟಿನ ಸರಳು ಹಿಡಿದು ನಿಂತಳು.

ಹೊತ್ತು ಹೋಯಿತು, ಗೇಟು ತೆಗೆಯಲಿಲ್ಲ. ಭಾರತಿ “ಗೇಟ ತಗೀರಿ” ಎಂದು ಕೂಗಿದಳು. ಅವಳ ಹಿಂದೆ ಎಲ್ಲರೂ ಅದನ್ನೇ ಕೂಗತೊಡಗಿದರು. ಯಾರೋ ಹುಡುಗರು ಆಫೀಸಿನ ಕಿಟಕಿಗೆ ಕಲ್ಲು ಬೀಸಿದರು, ಒಂದು ಗಾಜು ಒಡೆಯಿತು. ಹೆಡ್‌ಮಾಸ್ತರರು ಆಫೀಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಆಟದ ಮಾಸ್ತರರಿಗೆ ಫೋನು ಮಾಡಿದರು. ಅವರು ಇನ್ನಿಬ್ಬರನ್ನು ಕರೆದುಕೊಂಡು ಬೆತ್ತ ಹಿಡಿದು ಮಕ್ಕಳ ಹಿಂದಿನಿಂದ ನುಗ್ಗಿದರು. ಹೊಡೆತ ಬಿದ್ದ ಮಕ್ಕಳು ಓಡಿದ್ದು ಎಲ್ಲಿಗೆ? ತಮ್ಮ ತಾಯಿ ತಂದೆ ನಿಂತ ಕಡೆಗೇ.

ನಾನು ಆಫೀಸಿನ ಬಾಗಿಲು ಬಡಿದು ಕೀಲಿ ಕೇಳಿದೆ. “ಮೊದಲು ಶಿಸ್ತು ಬರಲಿ,” ಎಂಬ ಉತ್ತರ ಒಳಗಿನಿಂದ ಬಂತು. ಕಡೆಗೆ ಹೊರಗಿನ ಗಂಡಸರು ಕಲ್ಲಿನಿಂದ ಜಜ್ಜಿ ಬೀಗ ಮುರಿದರು. ಆದರೆ ಆ ಗೇಟು ಒಳಮುಖವಾಗಿ ತೆರೆಯುವಂಥದು. ಒಳಗೆ ಇಡೀ ಶಾಲೆ ಅದಕ್ಕೆ ಒತ್ತಿ ನಿಂತಿತ್ತು. ಬೀಗ ಮುರಿದರೂ ಗೇಟು ಅಲುಗಲಿಲ್ಲ. ಎಲ್ಲರಿಗಿಂತ ಮುಂದೆ ಸರಳಿಗೆ ಸಿಕ್ಕು ಒತ್ತಿಹೋಗಿದ್ದ ಶಬಾನಾಳ ಮುಖವನ್ನು ನೀಲವ್ವ ಸಂದಿಯಿಂದ ಕೈ ಹಾಕಿ ಹಿಡಿದುಕೊಂಡಿದ್ದಳು. ಬೆತ್ತ ನಿಂತು ಹಿಂದಿನ ಮಕ್ಕಳು ಸರಿದ ಮೇಲೆ ಹುಡುಗಿ ಕುಸಿದಳು. ಅವಳ ಊರಿನವನದೇ ಒಂದು ಟೆಂಪೋದಲ್ಲಿ ಅವಳನ್ನು ಹಾಕಿಕೊಂಡು ಹೋದೆವು. ಆಸ್ಪತ್ರೆ ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಅವಳ ಉಸಿರು ನಿಂತಿತು.

ಪೊಲೀಸರು ಬಂದು ಕೇಸು ಬರೆದುಕೊಂಡು ಹೋದರು. ಅದು ಇನ್ನೂ ಕೋರ್ಟಿನಲ್ಲಿದೆ. ಶಾಲೆಯ ಆಡಳಿತದವರು ತಮ್ಮದೇ ಒಂದು ವಿಚಾರಣಾ ಸಮಿತಿ ಮಾಡಿದರು. ಅದರಲ್ಲಿ ಚೇರಮನ್ನರು, ಅವರ ಬೀಗರಾದ ಒಬ್ಬ ವಕೀಲರು, ಮೂರನೆಯವರು ಸಾಕ್ಷಾತ್ ಹೆಡ್‌ಮಾಸ್ತರರು. ಬೀಗ ಹಾಕಿಸಿದವರೇ ಚಹಾ ಕುಡಿಯುತ್ತ ತಪ್ಪು ಯಾರದು ಎಂದು ಹುಡುಕಲು ಕೂತರು. ಇಂಥದ್ದಕ್ಕೆ ನಾಚಿಕೆ ಬೇಡವೇ ಎಂದು ನೀವು ಕೇಳಬಹುದು. ಅವರಿಗೆ ಬೇಕಿರಲಿಲ್ಲ.

ನನ್ನನ್ನೂ ಕರೆದರು. “ಗಲಾಟೆ ಶುರು ಮಾಡಿದ್ದು ಆ ಭಾರತಿ ತಾನೆ? ಅವಳು ಕೂಗಿದ್ದನ್ನು ಕೇಳಿದ್ದೀರಲ್ಲ?” ಎಂದು ವಕೀಲರು ಕೇಳಿದರು.

“ಕೇಳೇನ್ರಿ. ಗೇಟ ತಗೀರಿ ಅಂದ್ಲು.”

ಅದನ್ನು ಬರೆದುಕೊಂಡರು.

“ನಾನೂ ಬಾಗಲಾ ಬಡದು ಕೀಲಿ ಕೇಳೇನ್ರಿ,” ಎಂದೆ.

“ಅದನ್ನು ನಾವು ಕೇಳಿಲ್ಲ,” ಎಂದರು ವಕೀಲರು. ಅದನ್ನು ಬರೆದುಕೊಳ್ಳಲಿಲ್ಲ. ನಾನು ಸೆರಗು ಹೊದ್ದುಕೊಂಡು ಎದ್ದು ಬಂದೆ.

ಭಾರತಿ ಊಟ ಬಿಟ್ಟಿದ್ದಳು. ತಾಟಿನ ಮುಂದೆ ಕೂರುವಳು, ರೊಟ್ಟಿ ಮುರಿಯುವಳು, ಬಾಯಿಗೆ ಇಡಳು. ಮಗ್ಗುಲಿನ ಖಾಲಿ ಹಾಸಿಗೆಗೆ ಬೆನ್ನು ಮಾಡಿ ಮಲಗುವಳು. ಮಕ್ಕಳ ಮನಸ್ಸು ಸರಿಮಾಡಲೆಂದು ಪೇಟೆಯಿಂದ ಒಬ್ಬ ಆಪ್ತಸಮಾಲೋಚಕಿಯನ್ನು ಕರೆಸಿದರು. ಆಕೆ ಒಂದು ಮುಂಜಾನೆ ಬಂದು ಎಲ್ಲರಿಗೂ ಹಾಳೆ ಕೊಟ್ಟು ನಗುವ ಮುಖದ ಚಿತ್ರ ಬರೆಯಿರಿ ಎಂದಳು. ಬರೆದ ಹಾಳೆ ಎತ್ತಿ ಹಿಡಿಸಿ ಫೋಟೋ ತೆಗೆದರು. ಮಧ್ಯಾಹ್ನದ ಊಟಕ್ಕೆ ಆಕೆ ಪೇಟೆಗೆ ಮರಳಿದಳು. ನಮ್ಮ ಸಾರು ಆಕೆಗೆ ಹಿಡಿಸುವುದಿಲ್ಲವೆಂದು ಹೆಡ್‌ಮಾಸ್ತರರೇ ಹೇಳಿದರು.

ಅದಾದ ಕೆಲವು ದಿನಗಳಿಗೆ ಪಾಲಕರ ಸಭೆ ಕರೆದರು. ಸಭೆಗೆ ಮೊದಲೇ ನನಗೆ ತಿಳಿದಿತ್ತು: ಭಾರತಿಯ ಹೆಸರು ಓದಿ ಟಿ.ಸಿ. ಕೊಟ್ಟು ಕಳಿಸುವುದೆಂದು ಗೊತ್ತು ಮಾಡಿದ್ದರು. ಟಿ.ಸಿ. ಎಂದರೆ ಶಾಲೆ ಬಿಡಿಸುವ ಪತ್ರ. ಪರೀಕ್ಷೆ ಹತ್ತಿರ ಬಂದಾಗ ಅದನ್ನು ಕೊಟ್ಟರೆ ಒಕ್ಕಲು ಮನೆಯ ಹುಡುಗಿಯ ಓದು ಅಲ್ಲಿಗೆ ಮುಗಿದಂತೆ. ಗೆಳತಿಯನ್ನು ಕೊಂದವಳು ಎಂಬ ಹೆಸರು ಬೇರೆ.

ವೇದಿಕೆಯ ಮೇಲೆ ಒಂದು ತಾಟಿನಲ್ಲಿ ಶಾಲು, ಹಣ್ಣು ಇಟ್ಟಿದ್ದರು. ಅವು ಯಾರಿಗೆಂದು ಮೊದಲು ತಿಳಿಯಲಿಲ್ಲ. ಚೇರಮನ್ನರು ದುಃಖದ ಮಾತು ಆಡಿದರು. ಕೆಲವು ವಿದ್ಯಾರ್ಥಿಗಳ ಪ್ರಚೋದನೆಯೇ ಅನಾಹುತಕ್ಕೆ ಕಾರಣ ಎಂದು ಭಾರತಿಯ ಹೆಸರು ಓದಿದರು. ಹುಡುಗಿ ಹಿಂದಿನ ಬಾಗಿಲ ಹತ್ತಿರ ನನ್ನ ಪಕ್ಕದಲ್ಲಿ ನಿಂತಿದ್ದಳು. ಆಮೇಲೆ, “ದಸ್ತಗೀರ ಅವರ, ಮ್ಯಾಲ ಬರ್ರಿ. ಸಂಸ್ಥೆಯ ಪರವಾಗಿ ನಿಮಗ ಸಾಂತ್ವನ ಹೇಳೂದೈತಿ,” ಎಂದು ಶಾಲು ಬಿಚ್ಚಿ ಹಿಡಿದರು.

ದಸ್ತಗೀರ ಮೇಲೆ ಹೋಗಲಿಲ್ಲ. ಕೂತಲ್ಲಿಯೇ ಎದ್ದು ನಿಂತ.

“ಶಾಲ ಯಾಕ್ರಿ ಸಾಹೇಬ್ರ? ನಾ ಏನ ಗೆದ್ದ ಬಂದೇನಿ?”

ಚೇರಮನ್ನರ ಕೈಯಲ್ಲಿ ಶಾಲು ಹಾಗೇ ನಿಂತಿತು.

“ನೀವು ಓದಿದ್ರಲ್ಲ ಹೆಸರು, ಆ ಹುಡುಗಿ ಅವ್ವ ನಮ್ಮ ಮನ್ಯಾಗ ಒಲಿ ಹತ್ತಲಾರದ ಅಷ್ಟೂ ದಿನ ಎರಡ ಬಸ್ ಹತ್ತಿ ಬುತ್ತಿ ತಂದಾಳ. ನನ್ನ ಹೇಣ್ತಿಗೆ ತುತ್ತ ಮಾಡಿ ಉಣಿಸ್ಯಾಳ. ನಿಮ್ಮ ಪೈಕಿ ಯಾರ ಬಂದ್ರಿ? ಕೈ ಎತ್ರಿ, ನೋಡತೇನಿ.”

“ನೋಡ್ರಿ, ಕಾನೂನು ಪ್ರಕಾರ ನಾವು ಬರುವಂತಿರಲಿಲ್ಲ,” ಎಂದರು ವಕೀಲರು.

“ಹೌದ್ರಿ. ಮೌತಿಗೆ ಬರಾಕ ಕಾನೂನ ಅಡ್ಡ, ಶಾಲ ಹೊಚ್ಚಾಕ ಅಡ್ಡಿಲ್ಲ.” ದಸ್ತಗೀರ ಮುಂದುವರಿಸಿದ. “ನನಗ ಒಂದ ಹೇಳ್ರಿ. ನನ್ನ ಮಗಳು ಗೇಟಿಗೆ ಸಿಕ್ಕೊಂಡಾಗ ಕೀಲಿ ಎಲ್ಲಿತ್ತು?”

ಹೆಡ್‌ಮಾಸ್ತರರು ತಮ್ಮ ಮುಂದಿನ ಹಾಳೆಗಳನ್ನು ಜೋಡಿಸತೊಡಗಿದರು. ಯಲ್ಲಪ್ಪ ನೆಲ ನೋಡುತ್ತಿದ್ದ. ನನ್ನ ಪಕ್ಕದಲ್ಲಿದ್ದ ಭಾರತಿ ನನ್ನ ಸೆರಗು ಹಿಡಿದಿದ್ದಳು. ಅಷ್ಟು ಜನರ ಮುಂದೆ ನಾನು ಜೀವಮಾನದಲ್ಲಿ ಬಾಯಿ ತೆರೆದವಳಲ್ಲ.

“ಹೆಡ್‌ಮಾಸ್ತರ ಕಿಸೆದಾಗ ಇತ್ರಿ,” ಎಂದೆ. “ನಾ ಬಾಗಲಾ ಬಡದು ಕೇಳೇನ್ರಿ. ಮೊದಲು ಶಿಸ್ತು ಬರಲಿ ಅಂದ್ರು.”

ಆಮೇಲೆ ನಡೆದದ್ದು ಗದ್ದಲ. ಪಾಲಕರು ಎದ್ದರು, ಟಿ.ಸಿ. ಮಾತು ಹಿಂದೆ ತೆಗೆದುಕೊಳ್ಳುವತನಕ ಹಾಲ್ ಬಿಟ್ಟು ಕದಲಲಿಲ್ಲ. ಚೇರಮನ್ನರು ಕಡೆಗೆ “ಮಾನವೀಯತೆಯ ದೃಷ್ಟಿಯಿಂದ” ಹುಡುಗಿಯನ್ನು ಕ್ಷಮಿಸಿದ್ದೇವೆ ಎಂದರು. ಕ್ಷಮಿಸಿದವರು ಅವರು. ಆ ಶಬ್ದ ಅವರ ಬಾಯಿಯಿಂದ ಬಂದಾಗ ನನಗೆ ಹೇಸಿಗೆ ಬಂತು, ಇಂದಿಗೂ ಬರುತ್ತದೆ.

ಯಲ್ಲಪ್ಪನನ್ನು ಕೆಲಸದಿಂದ ತೆಗೆದರು. ಬೀಗ ಮುರಿಯಲು ಬಿಟ್ಟನೆಂಬ ಕಾರಣ ಕೊಟ್ಟರು. ಹೆಡ್‌ಮಾಸ್ತರರನ್ನು ರಾಮದುರ್ಗದ ಕಡೆ ಇದ್ದ ಅದೇ ಸಂಸ್ಥೆಯ ಇನ್ನೊಂದು ಶಾಲೆಗೆ ಕಳಿಸಿದರು, ಹೋಗುವಾಗ ಮಾಲೆ ಹಾಕಿದರು. ಚೇರಮನ್ನರ ಕೈಯಲ್ಲಿ ಉಳಿದ ಶಾಲು ಆ ಹೆಡ್‌ಮಾಸ್ತರರ ಹೆಗಲಿಗೇ ಬಂದಿರಬೇಕು. ಶಾಲೆಯಲ್ಲಿ ವಿದ್ಯಾರ್ಥಿ ಕ್ಷೇಮ ಕೇಂದ್ರವೆಂದು ಬಣ್ಣದ ಬೋರ್ಡು ಹಾಕಿ ರಿಬ್ಬನ್ ಕತ್ತರಿಸಿದರು. ಆ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದಾರೆ. ಭಾರತಿಯ ಪರೀಕ್ಷೆ ಮುಗಿಯುವತನಕ ಇದ್ದು, ನಾನು ಆ ಕೆಲಸ ಬಿಟ್ಟೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಮಕ್ಕಳ ಕ್ಷೇಮದ ಬಗ್ಗೆ ವೇದಿಕೆಯ ಮೇಲೆ ಮಾತಾಡುವವರನ್ನು ನಂಬುವ ಮೊದಲು, ಅವರು ಮಕ್ಕಳ ಜೊತೆ ಕೂತು ಉಂಡಿದ್ದಾರೆಯೇ ನೋಡಿ. ತಪ್ಪಾದಾಗ ಅವರು ಸತ್ತವರ ಮನೆಗೆ ಹೋಗುತ್ತಾರೋ, ವಕೀಲರ ಮನೆಗೆ ಹೋಗುತ್ತಾರೋ ನೋಡಿ. ಇದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕಾಗುವುದಿಲ್ಲ.

ಭಾರತಿ ಪಾಸಾದಳು. ಬೈಲಹೊಂಗಲದ ಕಾಲೇಜಿಗೆ ಹೆಸರು ಹಚ್ಚಿದ ದಿನ ನಮ್ಮ ಮನೆಗೆ ಬಂದಿದ್ದಳು. ನೀವು ಹೊರಗೆ ಆಡುತ್ತಿದ್ದಿರಿ. ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಹೋಗುವಾಗ ಬಾಗಿಲಲ್ಲಿ ನಿಂತಳು.

“ಅಕ್ಕಾ, ನಾ ಅಕಿನ್ನ ಕರೀಬಾರದಿತ್ತೇನ್ರಿ?”

“ಬುತ್ತಿ ಬಂದಾಗ ಗೆಳತೀನ ಕರೀದ ಇನ್ಯಾರನ್ನ ಕರೀತಾರವ್ವಾ,” ಎಂದೆ.

ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ತಿಳಿಯದು. ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಆ ಶಾಲೆಯಲ್ಲಿ ತನ್ನನ್ನು ತಾನು ಕೇಳಿಕೊಂಡವಳು ಆ ಹುಡುಗಿಯೊಬ್ಬಳೇ.