ಸೈಕಲ್ ಮೇಲಿನ ನರ್ಸಕ್ಕ

ಕೆಡವುವ ಕಟ್ಟಡಗಳಿಂದ ಗೋಡೆಚಿತ್ರಗಳನ್ನು ಕೊಯ್ದು ತೆಗೆದು, ಸಂಗ್ರಹ ಮಾಡುವವರಿಗೆ ಮಾರುವುದು ನನ್ನ ಕೆಲಸ. ಸುರಪುರದಲ್ಲಿ ರಸ್ತೆ ಅಗಲ ಮಾಡಲು ಹಳೆಯ ದವಾಖಾನೆಯೊಂದನ್ನು ಕೆಡವುತ್ತಿದ್ದರು. ಅದರ ಬೀದಿಗೋಡೆಯ ಮೇಲೆ ಬಿಳಿ ಸೀರೆಯುಟ್ಟು ಸೈಕಲ್ ತುಳಿಯುವ ನರ್ಸಿನ ಚಿತ್ರವಿತ್ತು. ಯಾರೋ ಬೋರ್ಡ್ ಬರೆಯುವವನ ಕೈಕೆಲಸ. ನೋಡಿದ ಕೂಡಲೇ ಫೋಟೋ ಕಳಿಸಿದೆ, ಹೈದರಾಬಾದಿನ ಗಿರಾಕಿಯೊಬ್ಬರು ತಕ್ಷಣ ಒಪ್ಪಿದರು. ಮಧ್ಯಾಹ್ನದವರೆಗೆ ಗೋಡೆ ಮುಟ್ಟುವುದಿಲ್ಲ ಎಂದು ಗುತ್ತಿಗೆದಾರ ಮಾತು ಕೊಟ್ಟ.

ನಾನೂ ನನ್ನ ಆಳುಗಳೂ ಅರ್ಧ ಕೊಯ್ದಿದ್ದೆವು, ಅಷ್ಟರಲ್ಲಿ ಕೊಡೆ ಹಿಡಿದ ಮುದುಕಿಯೊಬ್ಬರು ಅಡ್ಡ ಬಂದು ನಿಂತರು.

"ಯಾರನ್ನ ಕೇಳಿ ನನ್ನ ಒಯ್ಯಾಕತ್ತೀರಿ?"

ನನಗೆ ಅರ್ಥವಾಗಲಿಲ್ಲ. ಅವರು ಚಿತ್ರದ ಮೂಗಿನ ಪಕ್ಕದ ಮಚ್ಚೆಯನ್ನು ತೋರಿಸಿ, ಆಮೇಲೆ ತಮ್ಮ ಮುಖದ ಮಚ್ಚೆಯನ್ನು ತೋರಿಸಿದರು. ಅದೇ ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದ ನರ್ಸ್ ಅವರು!

ಕೆಲಸ ಕೆಟ್ಟಿತು ಅಂದುಕೊಂಡೆ. "ಬ್ಯಾಡ ಅಂದ್ರ ಬಿಡ್ತೀನ್ರಿ ಅಕ್ಕಾರ. ಆದ್ರ ಮಧ್ಯಾಹ್ನಕ್ಕ ಜೆಸಿಬಿ ಬರತದ."

"ಬಿಟ್ರ ನನ್ನ ಒಡದು ಹಾಕ್ತಾರಲ್ರಿ! ಲಗೂನ ತಗೀರಿ," ಎಂದು ಅವರೇ ಮೇಸ್ತ್ರಿಯಾಗಿ ನಿಂತರು. "ಮೆಲ್ಲಕ ರೀ, ನನ್ನ ಕಾಲಿಗಿ ಪೆಟ್ಟಾದೀತು!"

ಗೋಡೆ ಒಂದೇ ತುಂಡಾಗಿ ಲಾರಿ ಏರಿದಾಗ ನಾನೂ ಅವರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಅವರು ಚಿತ್ರದ ಹಿಂಬದಿಗೆ ತಮ್ಮ ಹೆಸರು, ಫೋನ್ ನಂಬರ್ ಬರೆಯಲು ಹೇಳಿದರು.

"ನನ್ನ ಕೊಂಡವರ ಮನ್ಯಾಗ ಹೆರಿಗಿ ಇದ್ರ ನನಗ ಫೋನ್ ಮಾಡ್ಲಿ."

ಗಿರಾಕಿ ಅರವತ್ತು ದಾಟಿದ, ಮದುವೆಯಾಗದ ಒಂಟಿ ಮನುಷ್ಯ. ಆದರೂ ನಾನು ದಪ್ಪ ಅಕ್ಷರದಲ್ಲೇ ಬರೆದೆ.